‘ಒಳಾಂಗಣ ಕ್ರೀಡಾಂಗಣ’: ಅರೀನಾಕ್ಕೆ ಕನ್ನಡದಲ್ಲಿ ಯಾವ ಪದ?

ಮಾನ್ಯರೇ,

ಬೆಂಗಳೂರಿನ ಕ್ರೀಡಾಂಗಣಗಳ ಮತ್ತು ಸಭಾಂಗಣಗಳ ಕುರಿತ ಬರಹವೊಂದನ್ನು ತಿದ್ದುವಾಗ ಎದುರಾದ ಪ್ರಶ್ನೆಯೊಂದನ್ನು ಪದಾಸಕ್ತರ ಮುಂದೆ ಇಡುತ್ತಿದ್ದೇನೆ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿದ್ದು, ಮೇಲೆ ಚಾವಣಿ ಇದ್ದು, ಒಂದು ದಿನ ಕಬಡ್ಡಿ, ಇನ್ನೊಂದು ದಿನ ಸಂಗೀತ ಸಂಜೆ, ಮತ್ತೊಂದು ದಿನ ಸಮಾವೇಶ ನಡೆಯುವ ಕಟ್ಟಡವನ್ನು, ಅಂದರೆ ಈಚೆಗೆ ‘ಅರೀನಾ’ ಎಂದು ಕರೆಯಲಾಗುತ್ತಿರುವುದನ್ನು, ಕನ್ನಡದಲ್ಲಿ ಏನೆನ್ನಬೇಕು? ರೂಢಿಯಲ್ಲಿರುವ ಉತ್ತರ ‘ಒಳಾಂಗಣ ಕ್ರೀಡಾಂಗಣ’. ಈ ಜೋಡಿ ಪದ ನನಗೆ ಸಮಾಧಾನ ಕೊಡುತ್ತಿಲ್ಲ.

ವ್ಯಾಕರಣದ ತಕರಾರನ್ನು ಮೊದಲು ಮುಗಿಸಿಬಿಡುತ್ತೇನೆ. ‘ಒಳ’ ಕನ್ನಡದ್ದು, ‘ಅಂಗಣ’ ಸಂಸ್ಕೃತದ್ದು. ಎರಡೂ ಸಂಸ್ಕೃತ ಪದಗಳಾಗಿದ್ದರೆ ಮಾತ್ರ ಸಲ್ಲುವ ಸವರ್ಣದೀರ್ಘ ಸಂಧಿಯನ್ನು ಇಲ್ಲಿ ಮಾಡಲಾಗಿದೆ. ಕನ್ನಡದ ಲೋಪಸಂಧಿಯಂತೆ ಅದು ‘ಒಳಂಗಣ’ ಆಗಬೇಕಿತ್ತು. ಆದರೆ ‘ಒಳಾಂಗಣ’, ‘ಹೊರಾಂಗಣ’ ಎರಡೂ ಪತ್ರಿಕೆಗಳಲ್ಲಿ, ಸರ್ಕಾರಿ ಫಲಕಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಬೇರೂರಿರುವುದರಿಂದ ಅವನ್ನು ಕಿತ್ತುಹಾಕಬೇಕೆಂದು ನಾನು ವಾದಿಸುವುದಿಲ್ಲ. ನನ್ನ ತೊಂದರೆ ಇರುವುದು ಅರ್ಥದಲ್ಲಿ. ಅಂಗಣವೆಂದರೆ ಬಯಲಿಗೆ ತೆರೆದುಕೊಂಡ ಜಾಗ, ಮನೆಯ ಅಂಗಳ. ಅದಕ್ಕೆ ಚಾವಣಿ ಇಲ್ಲ. ಚಾವಣಿ ಇರುವ ಕಟ್ಟಡವನ್ನು ಹೆಸರಿಸುವಾಗ ಆ ಪದವನ್ನು ಒಂದಲ್ಲ, ಎರಡು ಬಾರಿ ಬಳಸುತ್ತಿದ್ದೇವೆ.

ನೆಲದ ಹೆಸರು ಕಟ್ಟಡಕ್ಕೆ ಏರುವುದು ತಪ್ಪೇನಲ್ಲ ಎಂಬುದನ್ನೂ ಒಪ್ಪಬೇಕು. ಅರೀನಾ ಎಂಬ ಪದದ ಮೂಲವೇ ಲ್ಯಾಟಿನ್ನಿನಲ್ಲಿ ಮರಳು ಎಂಬರ್ಥದ್ದು. ರೋಮನ್ನರ ಕಾಳಗದ ನೆಲಕ್ಕೆ ಹಾಸುತ್ತಿದ್ದ ಮರಳು ಕ್ರಮೇಣ ಆ ನೆಲದ ಹೆಸರಾಗಿ, ಬಳಿಕ ಇಡೀ ಕಟ್ಟಡದ ಹೆಸರಾಯಿತು. ಕ್ರೀಡಾಂಗಣವೂ ಅದೇ ದಾರಿಯಲ್ಲಿ ಬಂದಿದೆ. ಆದರೆ ಒಂದೇ ಪದ ನೆಲ, ಕಟ್ಟಡ, ಆವರಣ ಮೂರನ್ನೂ ಹೊತ್ತಾಗ ಬರಹದಲ್ಲಿ ಗೊಂದಲವಾಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡಾಗ, ಸಾವು ಸಂಭವಿಸಿದ್ದು ಗೇಟುಗಳ ಹೊರಗೆ, ರಸ್ತೆಯ ಬದಿಯಲ್ಲಿ. ‘ಕ್ರೀಡಾಂಗಣದಲ್ಲಿ ಕಾಲ್ತುಳಿತ’ ಎಂದು ಬರೆದರೆ ಓದುಗನಿಗೆ ಆಟದ ನೆಲವೂ ಕಾಣಬಹುದು, ಗ್ಯಾಲರಿಯೂ ಕಾಣಬಹುದು, ದ್ವಾರವೂ ಕಾಣಬಹುದು. ಎಲ್ಲಿ, ಯಾರ ಹೊಣೆಯ ಜಾಗದಲ್ಲಿ ಎಂಬುದು ಮುಖ್ಯವಾಗುವ ಇಂಥ ಸಂದರ್ಭದಲ್ಲಿ ಪದ ಸ್ಪಷ್ಟವಾಗಿರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಹಳಬರು ಈ ವಿಂಗಡಣೆಯನ್ನು ನಮಗಿಂತ ಚೆನ್ನಾಗಿ ಮಾಡಿದ್ದರು. ಮಹಾಭಾರತದ ಆದಿಪರ್ವದಲ್ಲಿ ದ್ರೋಣನು ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನವನ್ನು ಏರ್ಪಡಿಸುವ ಪ್ರಸಂಗದಲ್ಲಿ ನೆಲವನ್ನು ಅಳೆದು, ಸಮ ಮಾಡಿ ಸಿದ್ಧಗೊಳಿಸಿದ ಜಾಗಕ್ಕೆ ‘ರಂಗ’ ಎಂದೂ, ರಾಜಮನೆತನದವರಿಗಾಗಿ ಶಿಲ್ಪಿಗಳು ಕಟ್ಟಿದ ಕಟ್ಟಡಕ್ಕೆ ‘ಪ್ರೇಕ್ಷಾಗಾರ’ ಎಂದೂ, ಜನ ತಾವೇ ಮಾಡಿಸಿಕೊಂಡ ಎತ್ತರದ ಕೂಡುತಾಣಗಳಿಗೆ ‘ಮಂಚ’ ಎಂದೂ ಬೇರೆ ಬೇರೆ ಹೆಸರುಗಳಿವೆ. ನಾವು ಇಂದು ಮೈದಾನ, ಪೆವಿಲಿಯನ್, ಗ್ಯಾಲರಿ ಎನ್ನುವ ಮೂರೂ ಅಲ್ಲಿವೆ. ‘ರಂಗ’ ನಮಗೆ ಮರಳಿ ಸಿಕ್ಕಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಆದರೆ ಅದನ್ನು ನಾಟಕದವರು ತಮ್ಮದಾಗಿಸಿಕೊಂಡಿದ್ದಾರೆ, ಅದು ನ್ಯಾಯವೂ ಹೌದು. ಇನ್ನು ‘ಕ್ರೀಡಾರಂಗ’ ಎಂದರೆ ಇಂದು ಯಾವ ಓದುಗನಿಗೂ ಕಟ್ಟಡ ಹೊಳೆಯುವುದಿಲ್ಲ, ‘ಚಿತ್ರರಂಗ’ದ ಹಾಗೆ ಒಂದು ಕ್ಷೇತ್ರವೇ ಹೊಳೆಯುತ್ತದೆ.

ಇಲ್ಲಿ ಅಂಗಣದ ತದ್ಭವವಾದ ಅಂಗಳದ ಬಗ್ಗೆ ಒಂದು ಮಾತು ಸೇರಿಸಬೇಕು. ಕೆರೆಯ ನೀರು ನಿಲ್ಲುವ ತಳವನ್ನು ನಾವು ‘ಕೆರೆಯಂಗಳ’ ಎನ್ನುತ್ತೇವೆ, ಕಂದಾಯದ ಕಾಗದಪತ್ರಗಳಲ್ಲಿಯೂ ಆ ಪದವಿದೆ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಆ ಕೆರೆಯ ಒಂದು ತುಣುಕನ್ನು ಮಾತ್ರ ಕರಗದ ಆಚರಣೆಗಾಗಿ ಉಳಿಸಿಕೊಳ್ಳಲಾಗಿದೆ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿದೆ. ಕೆರೆಯ ಅಂಗಳ ಆಟದ ಅಂಗಣವಾದ ಈ ಕಥೆ ಬೆಂಗಳೂರಿನ ಯಾವುದೇ ಕ್ರೀಡಾ ಬರಹದಲ್ಲಿ ಬರಲೇಬೇಕೆಂಬುದು ನನ್ನ ಅಭಿಪ್ರಾಯ.

ಅರೀನಾಕ್ಕೆ ಪರ್ಯಾಯವಾಗಿ ಹುಡುಕುವಾಗ ನನ್ನನ್ನು ಹೆಚ್ಚು ಸೆಳೆದ ಪದ ‘ಅಂಕಣ’. ಇದು ಮನೆ ಕಟ್ಟುವವರ ಮಾತು. ಎರಡು ಕಂಬಗಳ, ಇಲ್ಲವೇ ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಮನೆಯ ದೊಡ್ಡಸ್ತಿಕೆಯನ್ನು ಹೇಳುವಾಗ ‘ಐದಂಕಣದ ಮನೆ’, ‘ಒಂಬತ್ತಂಕಣದ ಮನೆ’ ಎಂದು ಇದರಿಂದಲೇ ಅಳೆಯುತ್ತಾರೆ. ಪತ್ರಿಕೆಯ ಪುಟದಲ್ಲಿ ಗೆರೆಗಳ ನಡುವಿನ ಉದ್ದ ಪಟ್ಟಿಗೆ ಆ ಹೆಸರು ಬಂದದ್ದು ಸಹಜವಾಗಿದೆ. ಕ್ರೀಡಾ ವರದಿಗಾರರು ಅದನ್ನು ಇನ್ನಷ್ಟು ಚೆನ್ನಾಗಿ ದುಡಿಸಿಕೊಂಡು ಟೆನಿಸ್ ಅಂಕಣ, ಆವೆಮಣ್ಣಿನ ಅಂಕಣ, ಕಬಡ್ಡಿ ಅಂಕಣ ಎಂದು ಬರೆಯುತ್ತಾರೆ. ಗೆರೆ ಎಳೆದು ಅಳತೆಗೆ ಸಿಕ್ಕಿಸಿದ ಆಟದ ನೆಲಕ್ಕೆ ಇದಕ್ಕಿಂತ ಒಳ್ಳೆಯ ಪದ ನಮ್ಮಲ್ಲಿಲ್ಲ. ಪುರುಷರ ಕಬಡ್ಡಿಯಲ್ಲಿ 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್ ಎಲ್ಲಿ ಹಾಸಿದರೂ ಅದು ಅಂಕಣವೇ. 2021ರ ಡಿಸೆಂಬರ್‌ನಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಕೋವಿಡ್ ಕಾರಣದಿಂದ ಪ್ರೇಕ್ಷಕರಿಲ್ಲದೆ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ ನಡೆಯಿತು. ಅದನ್ನು ಕ್ರೀಡಾಂಗಣವೆನ್ನಲು ಸಾಧ್ಯವಿರಲಿಲ್ಲ, ಆದರೆ ‘ಅಂಕಣ’ಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದ್ದರಿಂದಲೇ ಈ ಪದವನ್ನು ಕಟ್ಟಡಕ್ಕೆ ಹಿಗ್ಗಿಸುವುದು ಬೇಡವೆನ್ನುತ್ತೇನೆ. ಹಿಗ್ಗಿಸಿದರೆ ಅದರ ಖಚಿತತೆ ಹೋಗುತ್ತದೆ.

‘ಅಖಾಡ’ ಕುಸ್ತಿಯ ಜೊತೆಗೇ ಬರುತ್ತದೆ, ಅದರ ಕೆಂಪು ಮಟ್ಟಿಯನ್ನು ಬಿಟ್ಟು ಬರುವುದಿಲ್ಲ. ‘ಕಣ’ ಒಕ್ಕಣೆಯಿಂದ ಚುನಾವಣೆಗೆ ಹೋಗಿಬಿಟ್ಟಿದೆ. ‘ಸಭಾಂಗಣ’ದಲ್ಲಿ ವೇದಿಕೆ ಒಂದು ಕಡೆ, ಜನ ಇನ್ನೊಂದು ಕಡೆ, ಅರೀನಾದಲ್ಲಿ ಜನ ಸುತ್ತಲೂ ಇರುತ್ತಾರೆ. ಈ ಮೂರನ್ನೂ ಕೈಬಿಟ್ಟಿದ್ದೇನೆ.

ಹೊಸ ಪದ ಕಟ್ಟುವ ಮುನ್ನ, ಆಯಾ ಆಟದವರೇ ಇಟ್ಟುಕೊಂಡ ಹೆಸರುಗಳನ್ನು ಗಮನಿಸುವುದು ಒಳ್ಳೆಯದು. 2023ರ ನವೆಂಬರ್‌ನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರಾವಳಿಯ ಪದಗಳೂ ಕೋಣಗಳ ಜೊತೆ ಬೆಂಗಳೂರಿಗೆ ಬಂದವು. ಓಡುವ ಕೆಸರಿನ ದಾರಿ ‘ಕರೆ’, ಓಟ ಶುರುವಾಗುವ ಕಡೆ ‘ಗಂತು’, ಮುಗಿಯುವ ಕಡೆ ‘ಮಂಜೊಟ್ಟಿ’. ಯಾರೂ ಅವನ್ನು ‘ಟ್ರ್ಯಾಕ್’ ಎಂದು ಬದಲಿಸಬೇಕಾಗಲಿಲ್ಲ. ಯಕ್ಷಗಾನದವರಿಗೆ ಕುಣಿಯುವ ‘ರಂಗಸ್ಥಳ’ ಮತ್ತು ವೇಷ ಕಟ್ಟಿಕೊಳ್ಳುವ ‘ಚೌಕಿ’ ಇವೆ. ರವೀಂದ್ರ ಕಲಾಕ್ಷೇತ್ರದ ಹಿಂಭಾಗದ ಸಂಸ ಬಯಲು ರಂಗಮಂದಿರದ ಹೆಸರಿನಲ್ಲಿ ‘ಬಯಲು’ ಮತ್ತು ‘ಮಂದಿರ’ ಒಂದಕ್ಕೊಂದು ವಿರುದ್ಧವಾಗಿದ್ದರೂ ಬಳಕೆಯಲ್ಲಿ ಹೊಂದಿಕೊಂಡು ನಿಂತಿವೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಒಲವು ‘ಆಟ’ದ ಕಡೆಗೆ ಹೋಗುತ್ತಿದೆ. ಕನ್ನಡದಲ್ಲಿ ಆಟವೆಂದರೆ ಕ್ರೀಡೆಯೂ ಹೌದು, ಪ್ರದರ್ಶನವೂ ಹೌದು. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟ ಎಲ್ಲವೂ ಆಟಗಳೇ. ಕರಾವಳಿಯಲ್ಲಿ ‘ಇವತ್ತು ಆಟ ಉಂಟು’ ಎಂದರೆ ಯಕ್ಷಗಾನವಿದೆ ಎಂದೇ ಅರ್ಥ. ಚಿತ್ರಮಂದಿರದ ಜಾಹೀರಾತಿನಲ್ಲಿ ‘ಪ್ರತಿದಿನ 4 ಆಟಗಳು’ ಎಂದಿರುತ್ತದೆ. ಕ್ರೀಡೆ, ಮನರಂಜನೆ ಎರಡನ್ನೂ ಒಂದೇ ಚಾವಣಿಯ ಕೆಳಗೆ ತರುವ ಕಟ್ಟಡಕ್ಕೆ, ಎರಡನ್ನೂ ಮೊದಲಿನಿಂದಲೇ ಒಳಗೊಂಡಿರುವ ಪದ ಸಲ್ಲಬೇಕು. ‘ಗರಡಿಮನೆ’ಯ ಮಾದರಿಯಲ್ಲಿ ‘ಆಟಮನೆ’ ಎನ್ನಬಹುದೆ? ಮಕ್ಕಳ ಆಟದ ಮನೆಯೆಂದು ತಿಳಿಯುವ ಅಪಾಯ ಇದರಲ್ಲಿದೆ, ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ‘ಆಟಸಾಲೆ’ ಎಂದರೆ ಆ ಅಪಾಯ ಕಡಿಮೆ, ಮತ್ತು ಶಾಲೆಯ ತದ್ಭವವಾದ ‘ಸಾಲೆ’ ದೊಡ್ಡ ಕಟ್ಟಡವನ್ನು ಸೂಚಿಸಲು ಸಮರ್ಥವಾಗಿದೆ. ಆದರೆ ಉತ್ತರ ಕರ್ನಾಟಕದ ಓದುಗರಿಗೆ ‘ಸಾಲಿ’ ಎಂದರೆ ಮಕ್ಕಳು ಕಲಿಯುವ ಶಾಲೆಯೇ ಆಗಿರುವುದರಿಂದ ಅವರ ಅಭಿಪ್ರಾಯ ತಿಳಿಯದೆ ಮುಂದುವರಿಯಲಾರೆ.

ಅಂಕಿತನಾಮಗಳನ್ನು ಮುಟ್ಟುವ ಉದ್ದೇಶ ನನಗಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳ ಪ್ರಮಾಣವಚನ ನಡೆಯಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಜನಸಾಗರ ಸೇರಿದ್ದೂ ಅಲ್ಲಿಯೇ. ಅಲ್ಲಿ ಕ್ರೀಡೆಯಲ್ಲದ್ದು ನಡೆಯಿತೆಂದು ಹೆಸರು ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ. ನನಗೆ ಬೇಕಿರುವುದು ಸಾಮಾನ್ಯನಾಮ.

ಕೇಳುವುದು ಇಷ್ಟು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ ಕಡೆಗಳಲ್ಲಿ ಚಾವಣಿ ಇರುವ ಆಟದ ಕಟ್ಟಡಕ್ಕೆ ಮಾತಿನಲ್ಲಿ ‘ಇಂಡೋರ್ ಸ್ಟೇಡಿಯಂ’ ಬಿಟ್ಟು ಬೇರೆ ಹೆಸರು ಇದೆಯೆ? ಪ್ರೇಕ್ಷಕರು ಕೂರುವ ಭಾಗಕ್ಕೆ ‘ಮಂಚ’ವನ್ನು ಮರಳಿ ತಂದರೆ ಮಲಗುವ ಮಂಚ ಅಡ್ಡ ಬರುವುದೆ, ಇಲ್ಲವೇ ‘ಗ್ಯಾಲರಿ’ಯನ್ನು ಕನ್ನಡದ್ದೆಂದೇ ಒಪ್ಪಿ ಮುಂದೆ ಹೋಗುವುದು ಮೇಲೆ? ಅಂಕಣವನ್ನು ಕಬಡ್ಡಿ, ಟೆನಿಸ್, ಬ್ಯಾಡ್ಮಿಂಟನ್ನಿನ ಆಚೆಗೆ, ಉದಾಹರಣೆಗೆ ಬಾಕ್ಸಿಂಗ್ ರಿಂಗಿಗೆ, ಬಳಸಿದ ಪ್ರಯೋಗಗಳನ್ನು ಕಂಡವರಿದ್ದರೆ ಆ ವಾಕ್ಯವನ್ನು ಇದ್ದ ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ನನ್ನ ಕೈಯಲ್ಲಿರುವ ಬರಹದಲ್ಲಿ ಆಟದ ನೆಲಕ್ಕೆ ‘ಮೈದಾನ’ ಅಥವಾ ‘ಅಂಕಣ’, ತೆರೆದ ಕಟ್ಟಡಕ್ಕೆ ‘ಕ್ರೀಡಾಂಗಣ’, ಗೇಟಿನ ಒಳಗಿನ ಒಟ್ಟು ಜಾಗಕ್ಕೆ ‘ಕ್ರೀಡಾಂಗಣದ ಆವರಣ’ ಎಂದು ಬಳಸಿ, ಅರೀನಾದ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.