ಕ್ಲಾಸಿಕ್ 350ರ ಕ್ರೋಮ್ ರಿಮ್‌ಗೆ ಮ್ಯಾಟ್ ಕಪ್ಪು: ಕ್ರೋಮ್ ತೆಗೆಸಬೇಕಾ, ಮೇಲೆಯೇ ಹೊಡೆಯಬಹುದಾ?

ಕರಿಚಕ್ರ:
ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಸ್ಪೋಕ್ ಚಕ್ರ, ಮುಂದೆ 19 ಇಂಚು, ಹಿಂದೆ 18. ಮುಂದಿನ ರಿಮ್‌ನ ಕ್ರೋಮ್ ಕನ್ನಡಿಯ ಹಾಗಿದೆ. ಹಿಂದಿನದರಲ್ಲಿ ನಾಲ್ಕೈದು ನಿಪ್ಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ನಟ್) ಸುತ್ತ ತುಕ್ಕಿನ ಚುಕ್ಕೆ ಎದ್ದಿದೆ. ಎರಡನ್ನೂ ಮ್ಯಾಟ್ ಕಪ್ಪು ಮಾಡಬೇಕು. ಪೌಡರ್ ಕೋಟಿಂಗ್‌ನವರು (ಬಣ್ಣದ ಪುಡಿ ಹಾಕಿ ಒಲೆಯಲ್ಲಿ ಬೇಯಿಸುವವರು) ಕ್ರೋಮ್ ಮೇಲೆಯೇ ಹಾಕಿಕೊಡ್ತೀವಿ ಅಂತಾರೆ. ಸ್ಪ್ರೇ ಡಬ್ಬದಲ್ಲೇ ಮುಗಿಯುತ್ತೆ ಅನ್ನುವವರೂ ಇದ್ದಾರೆ. ಯಾವುದು ಬಾಳಿಕೆ ಬರುತ್ತೆ? ಸ್ಪೋಕ್ ಬಿಚ್ಚದೆ ಆಗುತ್ತಾ?

ಬೂತ್‌ವಾಸಿ:
ಕ್ರೋಮ್ ಮೇಲೆ ಬಣ್ಣ ಯಾಕೆ ನಿಲ್ಲಲ್ಲ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ರಿಮ್ ಉಕ್ಕಿನದು. ಅದರ ಮೇಲೆ ದಪ್ಪಗೆ ನಿಕ್ಕಲ್, ಅದರ ಮೇಲೆ ಒಂದು ಮೈಕ್ರಾನ್‌ಗಿಂತ ತೆಳುವಾದ ಕ್ರೋಮ್. ಆ ಕ್ರೋಮ್ ಗಾಳಿ ತಾಗಿದ ತಕ್ಷಣ ಗಟ್ಟಿ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತೆ. ನುಣುಪು ಬೇರೆ. ಬಣ್ಣಕ್ಕೆ ಕಚ್ಚಿಕೊಳ್ಳೋಕೆ ಜಾಗವೇ ಇಲ್ಲ. ಎಚ್ ಪ್ರೈಮರ್‌ನಲ್ಲಿ (ಲೋಹವನ್ನು ಕೊರೆದು ಹಿಡಿಯುವ ಅಡಿಬಣ್ಣ) ಇರುವ ಆಮ್ಲ ಬರಿ ಉಕ್ಕಿನ ಮೇಲೆ ಕೆಲಸ ಮಾಡುತ್ತೆ, ಕ್ರೋಮ್ ಮೇಲೆ ಮಾಡಲ್ಲ. ಹಾಗಾಗಿ ಉಜ್ಜಿ ಗೀರು ಮಾಡಿದರೆ ಮಾತ್ರ ಹಿಡಿತ.

ಮುಂದಿನ ರಿಮ್‌ಗೆ ಕ್ರೋಮ್ ತೆಗೆಸಬೇಡಿ. ಹೀಗೆ ಮಾಡಿ:

ಟೈರು, ಟ್ಯೂಬು, ರಿಮ್ ಪಟ್ಟಿ ಬಿಚ್ಚಿ ಮೊದಲು ಸೋಪು ನೀರಲ್ಲಿ ತೊಳೆಯಿರಿ, ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್. ಇದು ಉಜ್ಜುವ ಮುಂಚೆಯೇ ಆಗಬೇಕು. ಚೈನ್ ಲ್ಯೂಬ್, ಪಾಲಿಶ್‌ನ ಸಿಲಿಕೋನ್ ಉಳಿದಿರುವಾಗ ಉಜ್ಜಿದರೆ ಅದನ್ನು ಗೀರುಗಳೊಳಗೆ ತುಂಬಿದ ಹಾಗಾಗುತ್ತೆ, ಬಣ್ಣ ಹೊಡೆದಾಗ ಮೀನಿನ ಕಣ್ಣಿನಂಥ ಗುಳಿ ಬೀಳುತ್ತೆ. ಆಮೇಲೆ 320 ನಂಬರ್ ವಾಟರ್ ಪೇಪರ್ ನೀರು ಹಾಕಿಕೊಂಡು, ನಿಪ್ಪಲ್ ಸಂದಿಗೆ ಮರೂನ್ ಸ್ಕಾಚ್‌ಬ್ರೈಟ್. ಎಲ್ಲೂ ಮಿಂಚು ಉಳಿಯಬಾರದು. ಒಂದು ಉಗುರಿನಷ್ಟು ಹೊಳೆಯುತ್ತಿದ್ದರೂ ಸಿಪ್ಪೆ ಅಲ್ಲಿಂದಲೇ ಏಳುತ್ತೆ. ಒಣಗಿಸಿ ಮತ್ತೊಮ್ಮೆ ರಿಮೂವರ್‌ನಲ್ಲಿ ಒರೆಸಿ, ಇನ್ನು ಬರಿಗೈ ತಾಗಿಸಬೇಡಿ.

ಎರಡು ರಿಮ್‌ಗೆ 2ಕೆ (ಹಾರ್ಡನರ್ ಬೆರೆತು ಗಟ್ಟಿಯಾಗುವ) ಎಪಾಕ್ಸಿ ಪ್ರೈಮರ್ ಒಂದು ಡಬ್ಬ, ಕಪ್ಪು ಬೇಸ್ 400 ಎಂಎಲ್‌ನವು ಎರಡು, 2ಕೆ ಮ್ಯಾಟ್ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಒಂದು. ರಿಮ್ ಕಿರಿದು, ಹೊಡೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಪಾಲು, ಅದಕ್ಕೇ ಎರಡು. ಪ್ರೈಮರ್ ತೆಳುವಾಗಿ ಎರಡು ಸುತ್ತು, ಬಣ್ಣ ಮೂರು, ಕ್ಲಿಯರ್ ಎರಡು, ಮಧ್ಯೆ 10–15 ನಿಮಿಷ. ಪ್ರೈಮರ್ ಮೇಲೆ ಬಣ್ಣ ಎಷ್ಟು ಗಂಟೆಯೊಳಗೆ ಬೀಳಬೇಕು ಅಂತ ಡಬ್ಬದ ಮೇಲೇ ಇರುತ್ತೆ, ಅದು ಮೀರಿದರೆ ಮತ್ತೆ ಉಜ್ಜಬೇಕು. 2ಕೆ ಡಬ್ಬದ ತಳದ ಗುಂಡಿ ಒತ್ತಿದ ಮೇಲೆ ಅದನ್ನು ಹೆಚ್ಚು ದಿನ ಎತ್ತಿಡೋಕಾಗಲ್ಲ, ಒಳಗೇ ಗಟ್ಟಿಯಾಗುತ್ತೆ. 2ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಕೆಟ್ಟದ್ದಾದ ಐಸೊಸೈಯನೇಟ್ ಇರುತ್ತೆ, ಬಟ್ಟೆ ಮಾಸ್ಕ್ ಕಟ್ಟಿಕೊಂಡು ಮುಚ್ಚಿದ ಗ್ಯಾರೇಜಿನಲ್ಲಿ ಹೊಡೆಯುವ ಸಾಹಸ ಬೇಡ. ಜಡಿಮಳೆ ದಿನವೂ ಬೇಡ, ಕ್ಲಿಯರ್ ಬಿಳಿಚಿಕೊಳ್ಳುತ್ತೆ.

ಪೀಣ್ಯಪೌಡರ್:
ಮುಂದಿನದಕ್ಕೆ ಮೇಲಿನ ಮಾತು ಒಪ್ಪಿದೆ. ಹಿಂದಿನ ರಿಮ್‌ಗೆ ಇದು ನಡೆಯಲ್ಲ. ಚುಕ್ಕೆ ಕಂಡಿದೆ ಅಂದರೆ ನಿಕ್ಕಲ್ ಕೆಳಗೆ ತುಕ್ಕು ಹರಿದಾಗಿದೆ. ಮೇಲೆ ಪೇಂಟೋ ಪೌಡರೋ ಏನು ಹಾಕಿದರೂ ಕ್ರೋಮ್ ಸಮೇತ ಏಳುತ್ತೆ. ಬಣ್ಣ ಅಂಟಿರುತ್ತೆ, ಅಂಟಿದ ಗೋಡೆಯೇ ಬಿದ್ದುಹೋಗುತ್ತೆ.

ಕ್ರೋಮ್ ಪ್ಲೇಟಿಂಗ್ ಮಾಡುವ ಅಂಗಡಿಗೇ ಕೊಟ್ಟು ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ, ಪ್ಲೇಟಿಂಗ್‌ಗೆ ಕೊಡುವುದರ ಉಲ್ಟಾ ಕರೆಂಟ್ ಕೊಡಿಸಿ ತೆಗೆಸಿ. ಬರಿ ಸ್ಯಾಂಡ್‌ಬ್ಲಾಸ್ಟ್ ಸಾಕು ಅನ್ನುವವರನ್ನು ನಂಬಬೇಡಿ: ಕ್ರೋಮ್ ಗಟ್ಟಿ, ನಿಕ್ಕಲ್ ಮೆದುವಾದರೂ ಜಿಗುಟು, ಎರಡೂ ಮರಳಿಗೆ ಸುಲಭಕ್ಕೆ ಬಗ್ಗಲ್ಲ. ತೊಟ್ಟಿಯಿಂದ ಬಂದ ರಿಮ್‌ನ ಬಣ್ಣ ನೋಡಿ. ನೀಲಿ ಛಾಯೆಯ ಬಿಳುಪಾದರೆ ಕ್ರೋಮ್ ಇನ್ನೂ ಇದೆ, ತುಸು ಹಳದಿ ಛಾಯೆ ಅಂದರೆ ನಿಕ್ಕಲ್. ಗಟ್ಟಿಯಾಗಿ ಕೂತಿರುವ ನಿಕ್ಕಲ್ ಇರಲಿ, ಚುಕ್ಕೆ ಇರುವಲ್ಲಿ ಮಾತ್ರ ಉಕ್ಕು ಕಾಣುವ ತನಕ ಬ್ಲಾಸ್ಟ್ ಮಾಡಿಸಿ. ಇದನ್ನು ಮನೆಯ ಬಕೆಟ್ಟಿನಲ್ಲಿ ಬ್ಯಾಟರಿ ಚಾರ್ಜರ್ ಇಟ್ಟು ಮಾಡುವ ವಿಡಿಯೊ ನೋಡಿ ಹೊರಡಬೇಡಿ. ಆ ನೀರು ಹಳದಿಯಾಗೋದು ಹೆಕ್ಸಾವೇಲೆಂಟ್ ಕ್ರೋಮಿಯಂನಿಂದ, ಕ್ಯಾನ್ಸರ್ ತರುವ ವಿಷ.

ಸ್ಪೋಕ್ ಮತ್ತು ನಿಪ್ಪಲ್ ತೊಟ್ಟಿಗೂ ಬೇಡ, ಆಮ್ಲಕ್ಕೂ ಬೇಡ. ಬಿಗಿ ಎಳೆತದಲ್ಲಿರುವ ತಂತಿಯೊಳಗೆ ಆಮ್ಲದಿಂದ ಹೈಡ್ರೋಜನ್ ಸೇರಿದರೆ ಓಡುವಾಗ ಪಟ್ ಅಂತ ತುಂಡಾಗಬಹುದು. ತುಕ್ಕು ಹಿಡಿದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸೆಟ್ ತನ್ನಿ.

ಪೌಡರ್ ಯಾವುದು ಅಂತ ಕೇಳಲೇಬೇಕು. ಪೀಣ್ಯದಲ್ಲಿ ಪ್ಯಾನೆಲ್, ಕಪಾಟಿಗೆ ಬಳಸುವ ಎಪಾಕ್ಸಿ ಅಥವಾ ಹೈಬ್ರಿಡ್ (ಎಪಾಕ್ಸಿ-ಪಾಲಿಯೆಸ್ಟರ್ ಬೆರಕೆ) ಪೌಡರ್ ಬಿಸಿಲಿಗೆ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತೆ. ಅಡಿಗೆ ಎಪಾಕ್ಸಿ ಪ್ರೈಮರ್, ಮೇಲೆ ಪ್ಯೂರ್ ಪಾಲಿಯೆಸ್ಟರ್ ಅಂತ ಹೇಳಿ, 60–80 ಮೈಕ್ರಾನ್ ಸಾಕು. ನಿಪ್ಪಲ್ ತೂತುಗಳಿಗೆ ಸಿಲಿಕೋನ್ ಬಿರಡೆ ಹಾಕಿಸಿ, ಇಲ್ಲದಿದ್ದರೆ ನಿಪ್ಪಲ್ ಪೌಡರ್ ಮೇಲೆ ಕೂತು, ಅದು ಜಜ್ಜಿದ ಮೇಲೆ ಸ್ಪೋಕ್ ಸಡಿಲವಾಗುತ್ತೆ.

ಕರಿಚಕ್ರ:
ಅಂದರೆ ಹಿಂದಿನದು ಬಿಚ್ಚಲೇಬೇಕು. ಮುಂದಿನದನ್ನು ಬಿಚ್ಚದೆ ಮಾಡಿದರೆ ಸ್ಪೋಕ್‌ಗೆ ಬಣ್ಣ ತಾಗಲ್ವಾ? ಒಂದು ಪೌಡರ್, ಇನ್ನೊಂದು ಪೇಂಟ್ ಆದರೆ ಮ್ಯಾಟ್ ಬೇರೆ ಬೇರೆ ಕಾಣುತ್ತಲ್ಲಾ?

ಸ್ಪೋಕ್‌ಕಟ್ಟು:
ಕಾಣುತ್ತೆ, ಅದರಲ್ಲೂ ಬಿಸಿಲಲ್ಲಿ. ಹಿಂದಿನದಕ್ಕೂ ಕ್ರೋಮ್ ತೆಗೆಸಿದ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದು ಅದೇ ಡಬ್ಬದ ಬಣ್ಣ ಹಾಕಿದರೆ ಜೋಡಿ ಒಂದೇ ಥರ.

ಬಿಚ್ಚದೆ ಹೊಡೆಯುವಾಗ ಜ್ಯೂಸ್ ಸ್ಟ್ರಾಗಳನ್ನು ಉದ್ದಕ್ಕೆ ಸೀಳಿ ಸ್ಪೋಕ್‌ಗೆ ತೊಡಿಸಿ, ಮಾಸ್ಕಿಂಗ್ ಟೇಪ್ ಸುತ್ತುವುದಕ್ಕಿಂತ ಬೇಗ. ಹಬ್, ಡಿಸ್ಕ್ ಪೂರ್ತಿ ಮುಚ್ಚಿ. ಚಕ್ರದ ಓರೆಕೋರೆ ಬಣ್ಣಕ್ಕೆ ಮೊದಲೇ ತೆಗೆಸಿ. ಬಣ್ಣ ಬಿದ್ದ ನಿಪ್ಪಲ್ ತಿರುಗಿಸಿದರೆ ಬುಡದಲ್ಲಿ ಬಿರುಕು, ಅಲ್ಲಿಂದ ನೀರು.

ಬಿಚ್ಚುವ ಚಕ್ರಕ್ಕೆ ಉಲ್ಟಾ ಕ್ರಮ, ಮೊದಲು ಬಣ್ಣ, ಆಮೇಲೆ ಕಟ್ಟುವುದು. ಬಿಚ್ಚುವ ಮುಂಚೆ ಎರಡೂ ಕಡೆಯಿಂದ ಫೋಟೊ ತೆಗೆದು, ಹಬ್ ಅಂಚಿಗೂ ರಿಮ್ ಅಂಚಿಗೂ ಇರುವ ಅಂತರ ಸ್ಕೇಲ್ ಇಟ್ಟು ಬರೆದಿಡಿ. ರಿಮ್ ಹಬ್‌ನ ನಟ್ಟನಡುವೆ ಕೂರಲೇಬೇಕು ಅಂತಿಲ್ಲ, ಆ ಅಳತೆ ತಪ್ಪಿದರೆ ಚಕ್ರ ನೇರ ಸುತ್ತಿದರೂ ಗಾಡಿ ಒಂದು ಕಡೆಗೆ ಎಳೆಯುತ್ತೆ. ಒಳ ಸ್ಪೋಕು, ಹೊರ ಸ್ಪೋಕು ಬೇರೆ ಬೇರೆ ಕಟ್ಟಿಡಿ. ಕಟ್ಟುವಾಗ ಪ್ರತಿ ನಿಪ್ಪಲ್ ಬುಡಕ್ಕೆ ಒಂದು ತೊಟ್ಟು ಎಣ್ಣೆ.

ಎಲ್ಲರೂ ಮರೆಯುವ ಜಾಗ ರಿಮ್‌ನ ಒಳಗುಳಿ. ರಿಮ್ ಪಟ್ಟಿ ಕೆಳಗೆ ನಿಂತ ನೀರೇ ನಿಮ್ಮ ಆ ಚುಕ್ಕೆಗಳ ಮೂಲ. ಅಲ್ಲಿಗೆ ಕಪ್ಪು ಬೇಡ, ಎಪಾಕ್ಸಿ ಪ್ರೈಮರ್ ಸಾಕು, ಆದರೆ ಬಿಡಬೇಡಿ. ಹಳೇ ಪಟ್ಟಿ ಬಿಸಾಕಿ ಹೊಸದು ಹಾಕಿ.

ಬೂತ್‌ವಾಸಿ:
ಟೈರು ಏರಿಸೋಕೆ ಒಂದು ವಾರ ಕಾಯಿರಿ, ಮುಟ್ಟಿದರೆ ಒಣಗಿದ ಹಾಗಿದ್ದರೂ ಒಳಗೆ ಗಟ್ಟಿಯಾಗಿರಲ್ಲ. ಪಂಚರ್ ಅಂಗಡಿಯ ಕಬ್ಬಿಣದ ಲಿವರ್ ಒಂದೇ ಎಳೆತಕ್ಕೆ ಕ್ರೋಮ್ ತನಕ ಕೆರೆಯುತ್ತೆ, ಪ್ಲಾಸ್ಟಿಕ್ ರಿಮ್ ಗಾರ್ಡ್ ಮೂರು ನೀವೇ ಒಯ್ದು ಕೊಡಿ. ಮ್ಯಾಟ್ ಮೇಲೆ ಪಾಲಿಶ್ ಹಚ್ಚಬೇಡಿ, ಹಚ್ಚಿದ ಕಡೆ ಮಿಂಚು ಬರುತ್ತೆ.

ಸ್ಪೋಕ್‌ಕಟ್ಟು:
ಹಿಂದಿನ ಚಕ್ರ ಕಟ್ಟಿ 500 ಕಿ.ಮೀ. ಓಡಿದ ಮೇಲೆ ಸ್ಪ್ಯಾನರ್‌ನಿಂದ ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಟಿಣ್ ಅನ್ನುವವು ಸರಿ, ದಬ್ ಅನ್ನುವವನ್ನು ಕಾಲು ಸುತ್ತು ಬಿಗಿ ಮಾಡಿ.