ಟೊಮೆಟೊ ತಳ ಕಪ್ಪಾದರೆ ಯಾವ ಔಷಧಿ? ಮಂಡ್ಯದ ವಿ.ಸಿ. ಫಾರಂ (ಕೃಷಿ ಕಾಲೇಜು) ಗೆಳೆಯರ ಗುಂಪಿನ ವಾದ

ನಾಗರಾಜ (ಫಾರ್ವರ್ಡ್, ತಳ ಕಪ್ಪಾದ ಕಾಯಿಯ ಫೋಟೋ ಜೊತೆ): "ಟೊಮೆಟೊ ತಳ ಕೊಳೆಯುವ ರೋಗಕ್ಕೆ ರಾಮಬಾಣ! 15 ಲೀಟರ್ ಟ್ಯಾಂಕಿಗೆ ಕ್ಯಾಲ್ಸಿಯಂ ನೈಟ್ರೇಟ್ 75 ಗ್ರಾಂ, 0:52:34 75 ಗ್ರಾಂ, ಕಾಪರ್ ಆಕ್ಸಿಕ್ಲೋರೈಡ್ 45 ಗ್ರಾಂ. ಒಂದೇ ಸಲ ಹೊಡೆಯಿರಿ, 3 ದಿನದಲ್ಲಿ ಮಾಯ. ಎಲ್ಲ ರೈತರಿಗೂ ಕಳಿಸಿ."

ನಾಗರಾಜ: ಪಾಂಡವಪುರದ ಕಡೆ ಗುಂಪುಗಳಲ್ಲೆಲ್ಲ ಇದೇ ಓಡಾಡ್ತಿದೆ. ಕ್ಯಾಲ್ಸಿಯಂ ಇದೆಯಲ್ಲ, ಸರಿಯಾಗೇ ಇದೆ ಅನ್ಸುತ್ತೆ.

ಸವಿತಾ: ನಾಗರಾಜ, ದಯವಿಟ್ಟು ಇದನ್ನ ಮುಂದಕ್ಕೆ ಕಳಿಸಬೇಡ ಕಣೋ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ 0:52:34 (ರಂಜಕ, ಪೊಟ್ಯಾಷ್ ಇರೋ ನೀರಲ್ಲಿ ಕರಗೋ ಗೊಬ್ಬರ) ಸೇರಿಸಿದ್ರೆ ಟ್ಯಾಂಕಲ್ಲೇ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಗಷ್ಟು ಕೂರುತ್ತೆ. ನಾಜಲ್ ಕಟ್ಟುತ್ತೆ, ಗಿಡಕ್ಕೆ ಕ್ಯಾಲ್ಸಿಯಮ್ಮೂ ಇಲ್ಲ, ರಂಜಕವೂ ಇಲ್ಲ. ಅನುಮಾನ ಇದ್ರೆ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ ಎರಡನ್ನೂ 5 ಗ್ರಾಂ ಹಾಕಿ ಅರ್ಧ ಗಂಟೆ ಬಿಟ್ಟು ನೋಡು, ನೀರು ಹಾಲಿನ ಥರ ಬೆಳ್ಳಗಾಗಿ ಕೆಳಗೆ ಪುಡಿ ಕೂತಿರುತ್ತೆ.

ಸವಿತಾ: ಇನ್ನೊಂದು. 0:52:34 ನೀರನ್ನ ಹುಳಿ ಮಾಡುತ್ತೆ. ಹುಳಿ ನೀರಲ್ಲಿ ಆ ಶಿಲೀಂಧ್ರನಾಶಕದ ಕಾಪರ್ ಜಾಸ್ತಿ ಕರಗುತ್ತೆ, ಎಳೆ ಎಲೆ ಸುಡುತ್ತೆ.

ರಫೀಕ್: ಮಿಶ್ರಣ ತಪ್ಪು, ಒಪ್ತೀನಿ. ಆದ್ರೆ ಕಾಪರ್ ಪೂರ್ತಿ ದಂಡ ಅನ್ನೋಕಾಗಲ್ಲ ಸವಿತಾ. ಮಳೆಗಾಲದಲ್ಲಿ ಫೈಟಾಫ್ತೊರಾ ಅನ್ನೋ ರೋಗಾಣುವಿನ ಕಾಯಿಕೊಳೆನೂ ತಳದಿಂದಲೇ ಶುರುವಾಗುತ್ತೆ. ರೈತರಿಗೆ ಎರಡೂ "ಕೊಳೆ"ನೇ.

ಸವಿತಾ: ಅದಕ್ಕೇ ಮೊದಲು ಕಾಯಿ ಕಿತ್ತು ನೋಡಬೇಕು. ಫೈಟಾಫ್ತೊರಾ ಆದ್ರೆ ನೆಲಕ್ಕೆ ತಾಗಿದ ಕಾಯಿಗೆ, ಮಣ್ಣು ಸಿಡಿದ ಕೆಳಗಿನ ಗೊಂಚಲಿಗೆ ಬರುತ್ತೆ. ಕಂದು ಬಳೆ ಬಳೆಯಾಗಿ ಹರಡುತ್ತೆ, ಕಾಯಿಯ ಯಾವ ಪಕ್ಕದಲ್ಲಾದ್ರೂ ಆಗಬಹುದು. ಈ ಫೋಟೋ ದೊಡ್ಡದು ಮಾಡಿ ನೋಡು: ಹೂವು ಉದುರಿದ ತುದಿಯಲ್ಲೇ ಮಚ್ಚೆ, ಒಳಕ್ಕೆ ಕುಸಿದಿದೆ, ಒಣಗಿದ ಚರ್ಮದ ಹಾಗಿದೆ. ಗೂಟ ಕಟ್ಟಿ ಮೇಲೆತ್ತಿರೋ ಗಿಡ ಬೇರೆ. ಇದು ಬ್ಲಾಸಮ್ ಎಂಡ್ ರಾಟ್, ಕಾಯಿ ತುದಿಗೆ ಕ್ಯಾಲ್ಸಿಯಂ ಸಿಗದೆ ಆಗೋದು, ಶಿಲೀಂಧ್ರ ಅಲ್ಲ. ಮೇಲಿನ ಕರಿ ಬೂಷ್ಟು ಆಮೇಲೆ ಬಂದು ಕೂತಿದ್ದು.

ನಾಗರಾಜ: ಹಾಗಾದ್ರೆ ಕ್ಯಾಲ್ಸಿಯಂ ನೈಟ್ರೇಟ್ ಒಂದನ್ನೇ ಹೊಡೆದ್ರೆ ಮುಗೀತಲ್ವಾ?

ಸಿದ್ದರಾಜಣ್ಣ: ಮುಗಿಯಲ್ಲಪ್ಪ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿಂದ ಮೇಲಕ್ಕೆ ಹೋಗುತ್ತೆ, ಎಲೆಯಿಂದ ಕಾಯಿಗೆ ವಾಪಸ್ ಇಳಿಯಲ್ಲ. ಎಲೆ ಬೆವರೋದು ಹೆಚ್ಚು, ಕಾಯಿ ಬೆವರೋದು ಕಮ್ಮಿ. ನೀರು ಕಮ್ಮಿಯಾದ ದಿನ ಇರೋದೆಲ್ಲ ಎಲೆ ಪಾಲು, ಕಾಯಿ ತುದಿ ಖಾಲಿ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಕಟ್ಟು ಪದ್ಧತಿ, ಅಂದ್ರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು. ನೀರು ಬಂದಾಗ ಸಾಲು ತುಂಬಾ ನಿಲ್ಲಿಸ್ತಾರೆ, ಆಮೇಲೆ ನೆಲ ಬಿರಿಯೋವರೆಗೂ ಇಲ್ಲ. ಮಣ್ಣು ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಅಂತ ಬಂದ ಹೊಲದಲ್ಲೂ ಕಾಯಿ ಕಪ್ಪಾಗೋದು ಇದಕ್ಕೇ. ಮೊದಲು ನೀರು ಸರಿ ಮಾಡಿಸಿ.

ರಫೀಕ್: ಅಣ್ಣ, ಬೋರ್ ಇಲ್ಲದವನು ಕಟ್ಟು ನೀರು ನಿಂತಾಗ ಏನು ಮಾಡಬೇಕು? ಅವನಿಗೆ ಸಿಂಪರಣೆನೂ ಬೇಡ ಅಂದ್ರೆ ಅನ್ಯಾಯ.

ಸಿದ್ದರಾಜಣ್ಣ: ಅವನ ಕೈಲಿ ಕಬ್ಬಿನ ತರಗು ಇರುತ್ತಲ್ಲ ರಫೀಕ್, ಅದನ್ನ ಸುಡೋ ಬದಲು ಸಾಲಿಗೆ ನಾಲ್ಕು ಬೆರಳು ದಪ್ಪ ಹೊದಿಸಲಿ. ಡ್ರಿಪ್ ಇದ್ದೋರು ಎರಡು ದಿನಕ್ಕೊಮ್ಮೆ ಜೋರಾಗಿ ಬಿಡೋ ಬದಲು ದಿನಾ ಸ್ವಲ್ಪ ಬಿಡಲಿ. ಡ್ರಿಪ್ಪರ್ ಕೆಳಗೆ ಒಂದು ಗೇಣು ಬಗೆದು ಮಣ್ಣು ಹಿಸುಕಿದ್ರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು.

ಸವಿತಾ: ಸಿಂಪರಣೆ ಬೇಡ ಅಂತ ನಾನೂ ಹೇಳಲ್ಲ. ಆದ್ರೆ ಹೊತ್ತು ಮುಖ್ಯ. ಕಾಯಿ ನಿಂಬೆಹಣ್ಣಿನಷ್ಟಾಗಿ ಮಚ್ಚೆ ಕಂಡ ಮೇಲೆ ಹೊಡೆದ್ರೆ ಆ ಕಾಯಿ ವಾಸಿಯಾಗಲ್ಲ, "3 ದಿನದಲ್ಲಿ ಮಾಯ" ಅನ್ನೋದು ಶುದ್ಧ ಸುಳ್ಳು. ಮೊದಲ ಗೊಂಚಲು ಗೋಲಿ ಗಾತ್ರ ಇರುವಾಗಲೇ ಶುರು ಮಾಡಬೇಕು: ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಬೇರೇನೂ ಸೇರಿಸದೆ, ಸಂಜೆ, ಎಲೆ ಮೇಲಲ್ಲ ಕಾಯಿಗೇ ತಾಗೋ ಹಾಗೆ. ವಾರ ಬಿಟ್ಟು ಮತ್ತೆ, ಒಟ್ಟು ಎರಡು ಮೂರು ಸಲ. ಕಪ್ಪಾದ ಕಾಯಿ ಕಿತ್ತುಹಾಕಿದ್ರೆ ಉಳಿದವಕ್ಕೆ ಪಾಲು ಸಿಗುತ್ತೆ.

ರಫೀಕ್: ಇದಕ್ಕೆ ನನ್ನ ಒಪ್ಪಿಗೆ ಇದೆ. ಯೂರಿಯಾ ವಿಷಯನೂ ಸೇರಿಸಿ. ಕಾಯಿ ಕಟ್ಟೋ ಹೊತ್ತಲ್ಲಿ ಯೂರಿಯಾ, ಅಮೋನಿಯಂ ಸಲ್ಫೇಟ್ ಸುರಿದ್ರೆ ಅಮೋನಿಯಂ ಕ್ಯಾಲ್ಸಿಯಮ್ಮಿಗೆ ಅಡ್ಡ ಬರುತ್ತೆ, ಎಲೆ ಸೊಕ್ಕಿ ನೀರನ್ನೆಲ್ಲ ಎಳ್ಕೊಳ್ಳುತ್ತೆ. ಪೊಟ್ಯಾಷ್ ಅತಿಯಾದ್ರೂ ಇದೇ ಕಥೆ.

ನಾಗರಾಜ: ಸರಿ, ಆ ಗುಂಪುಗಳಲ್ಲಿ ಫಾರ್ವರ್ಡ್ ಅಳಿಸಿ ಸವಿತಾ ಬರೆದಿದ್ದನ್ನೇ ಹಾಕ್ತೀನಿ. ಒಬ್ಬರು ಆಗಲೇ ಕ್ಯಾಲ್ಸಿಯಂ ನೈಟ್ರೇಟ್, 0:52:34 ಎರಡನ್ನೂ ಒಟ್ಟಿಗೆ ವೆಂಚುರಿಯಲ್ಲಿ (ಡ್ರಿಪ್ ನೀರಿಗೆ ಗೊಬ್ಬರ ಸೇರಿಸೋ ಸಾಧನ) ಬಿಟ್ಟಿದ್ದಾರಂತೆ, ಕೊನೆ ಸಾಲಿಗೆ ನೀರು ತೊಟ್ಟಿಕ್ತಿಲ್ಲ. ಏನು ಹೇಳಲಿ?

ಸವಿತಾ: ಮೊದಲು ಲ್ಯಾಟರಲ್‌ಗಳ (ಸಾಲಿನ ಡ್ರಿಪ್ ಪೈಪು) ತುದಿಯ ಎಂಡ್ ಕ್ಯಾಪ್ ತೆಗೆದು ನೀರು ತಿಳಿಯಾಗೋವರೆಗೆ ಬಿಡಲಿ, ಫಿಲ್ಟರ್ ತೊಳೀಲಿ. ಕಟ್ಟಿದ್ದು ಬಿಡದಿದ್ರೆ ಆಸಿಡ್ ಟ್ರೀಟ್‌ಮೆಂಟ್. ಫಾಸ್ಫೇಟ್ ಗಷ್ಟು ಆಸಿಡ್‌ಗೆ ಕರಗುತ್ತೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರೀಬಾರದು, ಕೈಗವಸು ಕನ್ನಡಕ ಇಲ್ಲದೆ ಮುಟ್ಟಬಾರದು ಅಂತ ಮೊದಲ ಸಾಲಲ್ಲೇ ಬರಿ. ಆಮೇಲಿಂದ ಕ್ಯಾಲ್ಸಿಯಂ ಒಂದು ದಿನ, ರಂಜಕದ ಗೊಬ್ಬರಗಳಾದ 12:61:0, 0:52:34, ಮೆಗ್ನೀಷಿಯಂ ಸಲ್ಫೇಟ್ ಇನ್ನೊಂದು ದಿನ. ಮಧ್ಯೆ ಬರೀ ನೀರು.

ಸಿದ್ದರಾಜಣ್ಣ: ಅವರ ನಂಬರ್ ನನಗೆ ಕಳಿಸು ನಾಗರಾಜ. ಆಸಿಡ್ ಎಷ್ಟು ಅನ್ನೋದು ಅವರ ಬೋರ್ ನೀರಿನ ಮೇಲೆ ಹೋಗುತ್ತೆ, ನಾನೇ ಮಾತಾಡ್ತೀನಿ.