ದೇವದರ್ಶನದ ಗುಡಾರವನ್ನು ಮನೆಮಂದಿಗೆಲ್ಲ ಹೇಗೆ ಕಲಿಸಲಿ?

ಭಾನುವಾರ ಶಾಲೆಯ ಶಿಕ್ಷಕಿ, ಮಂಜೇಶ್ವರ
ಬೇಸಿಗೆ ರಜೆಯಲ್ಲಿ ನಮ್ಮ ಸಭೆಯ ಹದಿನಾಲ್ಕು ಮನೆಯವರನ್ನು, ಅಜ್ಜಿಯರು ಮೊಮ್ಮಕ್ಕಳೆನ್ನದೆ, ಒಟ್ಟಿಗೆ ಕೂರಿಸಿ ಬೈಬಲಿನ ವಿಮೋಚನಕಾಂಡದ ಗುಡಾರದ, ಅಂದರೆ ಇಸ್ರಾಯೇಲರು ಅರಣ್ಯಪ್ರಯಾಣದಲ್ಲಿ ದೇವರ ಆರಾಧನೆಗೆ ಕಟ್ಟಿದ ಡೇರೆಯ, ಪಾಠ ಮಾಡಬೇಕೆಂದಿದ್ದೇನೆ. ಹೋದ ವರ್ಷ ಚಿತ್ರಪಟ ತೂಗುಹಾಕಿ ಬಣ್ಣಬಣ್ಣಕ್ಕೂ ಗೂಟಗೂಟಕ್ಕೂ ಅರ್ಥ ಹೇಳುತ್ತಾ ಹೋದೆ. ಮಕ್ಕಳು ಕಿಟಕಿಯಾಚೆ ನೋಡತೊಡಗಿದರು. ಹೆಚ್ಚಿನವರು ಮಲಯಾಳ ಮಾಧ್ಯಮದವರು. ‘ಮಂಜೂಷ’ (ದೇವರ ಆಜ್ಞೆಗಳನ್ನಿಟ್ಟ ಪೆಟ್ಟಿಗೆ), ‘ಕೃಪಾಸನ’ (ಅದರ ಚಿನ್ನದ ಮುಚ್ಚಳ) ಎಂದರೆ ತಿಳಿಯುವುದಿಲ್ಲ. ಕೊನೆಗೆ ಒಬ್ಬಳು, “ಟೀಚರ್, ಯೇಸು ಬಂದ ಮೇಲೆ ಇದನ್ನೆಲ್ಲ ಯಾಕೆ ಓದಬೇಕು?” ಎಂದಳು. ಏನೋ ಉತ್ತರ ಕೊಟ್ಟೆ. ನನಗೇ ಸಮಾಧಾನವಾಗಲಿಲ್ಲ.

ಅಡಿಕೆ ಕೃಷಿಕ, ಬದಿಯಡ್ಕ
ಟೀಚರೇ, ಪಟ ಸುತ್ತಿಡಿ, ಹಗ್ಗ ಹಿಡಿದು ಅಂಗಳಕ್ಕಿಳಿಯಿರಿ. ಗುಡಾರವನ್ನು ನಡೆದು ತಿಳಿಯಬೇಕು. ನಾವು ಅಡಿಕೆ ಒಣಗಿಸುವ ಅಂಗಳದಲ್ಲೇ ಮಾಡಿದೆವು. ಹೊರಗಿನ ಪ್ರಾಕಾರ 100 ಮೊಳ ಉದ್ದ, 50 ಮೊಳ ಅಗಲ. ಅಷ್ಟು ಜಾಗವಿರಲಿಲ್ಲ, ಅದನ್ನು ಕಿರಿದಾಗಿಸಿದೆವು. ಗುಡಾರದ ಒಳಗೋಣೆಯಾದ ಮಹಾಪವಿತ್ರಸ್ಥಾನವನ್ನು ಮಾತ್ರ 10 ಮೊಳಕ್ಕೆ 10 ಮೊಳ, ಪೂರ್ತಿ ಅಳತೆಗೇ ಕಟ್ಟಿದೆವು. ಮೊಳವೆಂದರೇನೆಂದು ಹೇಳಬೇಕಾಗಲಿಲ್ಲ, ಮಲ್ಲಿಗೆಯನ್ನು ಮೊಳ ಹಾಕಿ ಕೊಡುವುದನ್ನು ಮಕ್ಕಳು ನೋಡಿದ್ದಾರೆ.

ಬಾಗಿಲು ಒಂದೇ, ಮೂಡುದಿಕ್ಕಿಗೆ. ಒಳಗೆ ಕಾಲಿಟ್ಟೊಡನೆ ಯಜ್ಞವೇದಿ, ಆಮೇಲೆ ನೀರಿನ ಬೋಗುಣಿ. ಗುಡಾರದೊಳಗೆ ಬಲಕ್ಕೆ ರೊಟ್ಟಿಯ ಮೇಜು, ಎಡಕ್ಕೆ ದೀಪಸ್ತಂಭ, ಎದುರಿಗೆ ಧೂಪವೇದಿ. ಅದರಾಚೆ ಪರದೆ: ಅಮ್ಮನ ಎರಡು ಹಳೆಯ ನೀಲಿ ಸೀರೆಗಳನ್ನು ಮೇಲೆ ಕೆಳಗೆ ಹೊಲಿದದ್ದು. “ಇಲ್ಲಿಂದ ಮುಂದೆ ಮಹಾಯಾಜಕನೊಬ್ಬನೇ, ವರ್ಷದಲ್ಲಿ ಒಂದೇ ದಿನ, ಅದೂ ಬಲಿಯ ರಕ್ತವಿಲ್ಲದೆ ಅಲ್ಲ” ಎಂದೆ. ಎಲ್ಲರೂ ನಿಂತರು. ಎಂಬತ್ತು ದಾಟಿದ ಅಮ್ಮ ಸೀರೆಯ ಅಂಚು ಮುಟ್ಟಿ ಕೈ ಹಿಂದೆ ತೆಗೆದುಕೊಂಡರು.

ಆಗ, ಯೇಸು ಪ್ರಾಣಬಿಟ್ಟಾಗ ದೇವಾಲಯದ ಪರದೆ ಮೇಲಿನಿಂದ ಕೆಳಗಿನವರೆಗೆ ಹರಿಯಿತೆನ್ನುವ ಮತ್ತಾಯ 27:51 ಓದಿದೆ. ನನ್ನ ತಮ್ಮ ಏಣಿ ಹತ್ತಿ ಮೇಲಿನಿಂದ ಕೆಳಗಿನವರೆಗೆ ಸೀರೆಯನ್ನು ಹರಿದ. ಪರ್ರೆಂದ ಆ ಸದ್ದಿಗೆ ಮಗುವೊಂದು ಅತ್ತಿತು. ಅಮ್ಮ ಚಪ್ಪಲಿ ಕಳಚಿ ಒಳಗೆ ಹೋದರು. ನಿಮ್ಮ ಹುಡುಗಿಗೆ ಉತ್ತರ ಇದೇ ಎಂದು ನನ್ನ ನಂಬಿಕೆ: ಹೊರಗೆ ನಿಂತವರಿಗಷ್ಟೇ ಒಳಗೆ ಕರೆದದ್ದು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ನಿವೃತ್ತ ಅಧ್ಯಾಪಕ, ಉಪ್ಪಳ
ಗೂಟಗೂಟಕ್ಕೂ ಅರ್ಥ ಹುಡುಕುವುದು ಬೇಡ. ಇಬ್ರಿಯರಿಗೆ ಬರೆದ ಪತ್ರಿಕೆಯೇ 9:5ರಲ್ಲಿ, ಇವುಗಳನ್ನು ಒಂದೊಂದಾಗಿ ವಿವರಿಸಲು ಈಗ ಆಗದು ಎಂದು ಮುಂದೆ ಸಾಗುತ್ತದೆ. ಮಲಯಾಳವನ್ನು ಅಡ್ಡಿಯೆಂದೂ ಎಣಿಸಬೇಡಿ. ಅವರ ಬೈಬಲಿನಲ್ಲಿ ಈ ಗುಡಾರ ‘ಸಮಾಗಮನ ಕೂಡಾರಂ’. ಹೀಬ್ರೂವಿನ ‘ಓಹೆಲ್ ಮೋಎದ್’ ಎಂದರೂ ಭೇಟಿಯ ಗುಡಾರವೇ. ಮಕ್ಕಳಿಂದಲೇ ಆ ಪದ ಹೇಳಿಸಿ, ನಮ್ಮ ‘ದರ್ಶನ’ದ ಪಕ್ಕದಲ್ಲಿಡಿ.

ಒಂದು ವಿನಂತಿ. ಇಸ್ರಾಯೇಲರ ಆರಾಧನೆ ಬರಿಯ ಹೊರೆಯಾಗಿತ್ತೆಂದು ಕಲಿಸಬೇಡಿ. ಯಾಜಕಕಾಂಡ 17:11ರಲ್ಲಿ ದೇವರು ದೋಷಪರಿಹಾರಕ್ಕಾಗಿ ರಕ್ತವನ್ನು ‘ನಾನೇ ಕೊಟ್ಟಿದ್ದೇನೆ’ ಎನ್ನುತ್ತಾನೆ. ಕೃಪೆ ಅಲ್ಲಿಯೂ ಇತ್ತು. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೂ ಯೆಹೂದ್ಯರು, ಮಹಾಯಾಜಕ ಒಳಗೆ ಹೋಗುತ್ತಿದ್ದ ಆ ಒಂದು ದಿನವನ್ನು, ದೋಷಪರಿಹಾರಕ ದಿನವನ್ನು, ಉಪವಾಸದಿಂದ ಆಚರಿಸುತ್ತಾ ಬಂದಿದ್ದಾರೆ.

ಶಿಕ್ಷಕಿ, ಮಂಜೇಶ್ವರ
ಇಬ್ಬರಿಗೂ ವಂದನೆಗಳು. ಚರ್ಚಿನ ಅಂಗಳದಲ್ಲಿ 10 ಮೊಳಕ್ಕೆ ಧಾರಾಳ ಜಾಗವಿದೆ. ಆದರೆ ಅಣ್ಣಾ, ಸೀರೆಯ ಅಂಚು ಸುಲಭದಲ್ಲಿ ಹರಿಯುತ್ತದೆಯೇ?

ಅಡಿಕೆ ಕೃಷಿಕ, ಬದಿಯಡ್ಕ
ಇಲ್ಲ. ಅಂಚಿಗೂ ನಡುವಿನ ಹೊಲಿಗೆಗೂ ಮೊದಲೇ ಕತ್ತರಿ ತಾಗಿಸಿಡಿ. ಹತ್ತಿಯ ಸೀರೆಯೇ ಆಗಬೇಕು, ನೈಲಾನ್ ಬೇಡ.